ಈ ಎಣ್ಣೆ ಯಾವ ಊರಿನದು?

ಅಕ್ಕ ಬಾಣಂತನಕ್ಕೆ ಊರಿಗೆ ಬಂದಿದ್ದಳು. ಭಾವ ಬೆಂಗಳೂರಿನಿಂದ ಬರುವಾಗ ಕೂಸಿನ ಮೈಗೆ ಹಚ್ಚಲೆಂದು ಒಂದು ಬಾಟಲಿ ಆಲಿವ್ ಎಣ್ಣೆ ತಂದರು. ಅವ್ವನಿಗೆ ಅದು ಸುತರಾಂ ಹಿಡಿಸಲಿಲ್ಲ. ‘ಮನ್ಯಾಗ ಕೊಬ್ರಿ ಎಣ್ಣಿ ಇಟಗೊಂಡು ಇದ್ಯಾಕ ಬೇಕಿತ್ತು’ ಎಂದು ಗೊಣಗುತ್ತಲೇ ಬಾಟಲಿಯನ್ನು ಕಪಾಟಿನ ಮೇಲಿಟ್ಟಳು. ಸೆಮಿಸ್ಟರ್ ರಜೆಯಲ್ಲಿ ಮನೆಯಲ್ಲಿದ್ದ ನಾನು ಅದನ್ನು ತಿರುಗಿಸಿ ನೋಡುತ್ತ ಕೂತೆ. ಮುಂದೆ ಇಟಲಿ ಭಾಷೆಯ ಹೆಸರು, ಹಸಿರು-ಬಿಳಿ-ಕೆಂಪು ಪಟ್ಟಿ, ಗುಡ್ಡದ ಮೇಲೊಂದು ಹಳೆಯ ಮನೆಯ ಚಿತ್ರ. ಹಿಂದೆ ಇರುವೆಯಂಥ ಅಕ್ಷರಗಳಲ್ಲಿ ಬೇರೆಯೇ ಕಥೆ: ಐರೋಪ್ಯ ಒಕ್ಕೂಟದ ಮತ್ತು ಒಕ್ಕೂಟದ ಹೊರಗಿನ ಆಲಿವ್ ಎಣ್ಣೆಗಳ ಮಿಶ್ರಣ, ಇಟಲಿಯಲ್ಲಿ ಪ್ಯಾಕ್ ಮಾಡಿದ್ದು.

‘ನೀ ಕೆಮಿಕಲ್ ಇಂಜಿನಿಯರ್ ಆಗಾಕ ಹೊಂಟಾಕಿ. ಮುಂದ ಇಟಲಿ ಅಂತೈತಿ, ಹಿಂದ ಏನೇನೋ ಬರದಾರ. ಖರೇ ಇದು ಎಲ್ಲೀದು, ಹೇಳ ನೋಡೂಣು’ ಎಂದಳು ಅಕ್ಕ.

‘ಲ್ಯಾಬಿನಾಗ ಟೆಸ್ಟ್ ಮಾಡಿದ್ರ ಗೊತ್ತಾಕೈತಿ’ ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಆ ಒಂದು ವಾಕ್ಯ ನನ್ನ ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಆಯಿತು. ಅದು ಎಷ್ಟು ಅರ್ಧಂಬರ್ಧ ಉತ್ತರ ಎಂದು ತಿಳಿಯಲು ಇಡೀ ಸೆಮಿಸ್ಟರ್ ಬೇಕಾಯಿತು.

ಮೊದಲಿಗೆ ನಾನೂ ಎಲ್ಲರಂತೆ ಅಸಲಿ-ನಕಲಿ ಎಂಬ ಎರಡೇ ಖಾನೆಗಳಲ್ಲಿ ಯೋಚಿಸುತ್ತಿದ್ದೆ. ಸೂರ್ಯಕಾಂತಿ ಎಣ್ಣೆಗೆ ಬಣ್ಣ ಹಾಕಿ ಆಲಿವ್ ಎಂದು ಮಾರುವುದು ನಕಲಿ. 2019ರಲ್ಲಿ ಯುರೋಪೋಲ್ ಬಯಲಿಗೆಳೆದ ಜಾಲ ಮಾಡಿದ್ದು ಅದನ್ನೇ. ಸೂರ್ಯಕಾಂತಿ ಎಣ್ಣೆಗೆ ಹಸಿರಿಗಾಗಿ ಕ್ಲೋರೊಫಿಲ್, ಹಳದಿಗಾಗಿ ಬೀಟಾ ಕ್ಯಾರೊಟಿನ್ ಬೆರೆಸಿ ‘ಎಕ್ಸ್‌ಟ್ರಾ ವರ್ಜಿನ್’ ಹೆಸರಿನಲ್ಲಿ ಸಾಗಿಸುತ್ತಿದ್ದರು. ಸಿಕ್ಕಿದ್ದು ಸುಮಾರು 1,50,000 ಲೀಟರ್. ಇದಕ್ಕಿಂತ ಭೀಕರವಾದದ್ದು 1981ರಲ್ಲಿ ಸ್ಪೇನ್‌ನಲ್ಲಿ ನಡೆದಿತ್ತು. ಕಾರ್ಖಾನೆಯ ಬಳಕೆಗೆಂದು ಅನಿಲೀನ್ ಬೆರೆಸಿದ್ದ ರೇಪ್‌ಸೀಡ್ ಎಣ್ಣೆಯನ್ನು ಅಡುಗೆ ಎಣ್ಣೆಯೆಂದು, ಆಲಿವ್ ಎಣ್ಣೆಯೆಂದು ಮನೆಮನೆಗೆ ಮಾರಿದರು. ಸುಮಾರು 20,000 ಜನ ಕಾಯಿಲೆ ಬಿದ್ದರು, ನೂರಾರು ಜನ ಸತ್ತರು.

ಇಂಥ ಕಲಬೆರಕೆ ಹಿಡಿಯುವುದು ರಸಾಯನಶಾಸ್ತ್ರಕ್ಕೆ ಹೋಲಿಕೆಯಲ್ಲಿ ಸುಲಭ. ಸೂರ್ಯಕಾಂತಿ ಬೇರೆ ಗಿಡ, ಆಲಿವ್ ಬೇರೆ ಮರ. ಕೊಬ್ಬಿನಾಮ್ಲಗಳ ಪ್ರಮಾಣ ಬೇರೆ, ಸ್ಟೆರಾಲ್‌ಗಳು ಬೇರೆ. ಆದರೆ ಅಕ್ಕ ಕೇಳಿದ್ದು ಬೇರೆ ಪ್ರಶ್ನೆ. ಸ್ಪೇನ್‌ನ ಹಾಯೆನ್ ಪ್ರಾಂತ್ಯದಲ್ಲಿ ಬೆಳೆದ ಒಳ್ಳೆಯ ಆಲಿವ್ ಎಣ್ಣೆಯನ್ನೇ ತಂದು ಬಾಟಲಿಗೆ ತುಂಬಿ ‘ನೂರಕ್ಕೆ ನೂರು ಇಟಲಿ’ ಎಂದು ಚೀಟಿ ಅಂಟಿಸಿದರೆ? ಎಣ್ಣೆ ಶುದ್ಧ. ಎಕ್ಸ್‌ಟ್ರಾ ವರ್ಜಿನ್‌ಗೆ ಆಮ್ಲೀಯತೆ ಶೇ 0.8 ಮೀರಬಾರದು, ಅದು ಮೀರಿರುವುದಿಲ್ಲ. ಪೆರಾಕ್ಸೈಡ್ ಮೌಲ್ಯ 20 ದಾಟಬಾರದು, ದಾಟಿರುವುದಿಲ್ಲ. ತರಬೇತಾದ ರುಚಿ ನೋಡುವವರ ತಂಡ ಕೂಡ ಭೇಷ್ ಎನ್ನುತ್ತದೆ. ಸುಳ್ಳು ಇರುವುದು ವಿಳಾಸದಲ್ಲಿ ಮಾತ್ರ.

ವಿಳಾಸಕ್ಕೆ ದುಡ್ಡಿದೆ, ಅದಕ್ಕೇ ಸುಳ್ಳು. ಜಗತ್ತಿನಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವುದು ಸ್ಪೇನ್. ಆದರೆ ಹೆಸರು ದೊಡ್ಡದು ಇಟಲಿಯದು. ಇಟಲಿ ತಾನು ಬೆಳೆಯುವುದರ ಜೊತೆಗೆ ಸ್ಪೇನ್, ಗ್ರೀಸ್, ಟ್ಯುನೀಷಿಯಾಗಳಿಂದ ತರಿಸಿಕೊಂಡು, ಮಿಶ್ರಣ ಮಾಡಿ, ಬಾಟಲಿಗೆ ತುಂಬಿ ಜಗತ್ತಿಗೆ ಮಾರುತ್ತದೆ. ಹಾಗೆಂದು ಬರೆದರೆ ಅದು ತಪ್ಪೇನೂ ಅಲ್ಲ. ವರ್ಜಿನ್ ಮತ್ತು ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯ ಮೂಲವನ್ನು ಚೀಟಿಯಲ್ಲಿ ಬರೆಯಲೇಬೇಕು ಎಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ 2009ರ ಜುಲೈ 1ರಿಂದ ಇದೆ. ನಮ್ಮ ಬಾಟಲಿಯ ಬೆನ್ನ ಮೇಲಿದ್ದದ್ದು ಅಂಥ ವಾಕ್ಯವೇ. ಅಂದರೆ ಆ ಕಂಪನಿ ಸುಳ್ಳು ಹೇಳಿರಲಿಲ್ಲ, ನಿಜವನ್ನು ಚಿಕ್ಕದಾಗಿ ಬರೆದಿತ್ತು ಅಷ್ಟೇ.

ಬೆಳೆ ಕೈಕೊಟ್ಟ ವರ್ಷ ಆಸೆ ಇನ್ನೂ ಹೆಚ್ಚುತ್ತದೆ. ಇಟಲಿಯ ಪುಲಿಯಾದಲ್ಲಿ 2013ರಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಲಕ್ಷಾಂತರ ಮರಗಳನ್ನು ಒಣಗಿಸಿತು. 2022-23ರ ಬರದಲ್ಲಿ ಸ್ಪೇನ್‌ನ ಉತ್ಪಾದನೆ ಅರ್ಧಕ್ಕಿಂತ ಕೆಳಗಿಳಿಯಿತು. 2024ರ ಆರಂಭದಲ್ಲಿ ಅಲ್ಲಿನ ಸಗಟು ದರ ಕಿಲೋಗೆ 9 ಯೂರೊ ಆಸುಪಾಸಿಗೆ ಬಂತು, ನಮ್ಮ ಲೆಕ್ಕದಲ್ಲಿ 800 ರೂಪಾಯಿ.

ಈ ತಲೆನೋವು ಹೊಸದೇನಲ್ಲ ಎಂದು ತಿಳಿದಾಗ ನನಗೆ ಖುಷಿಯಾಯಿತು. ರೋಮ್ ನಗರದೊಳಗೆ ಮೊಂತೆ ತೆಸ್ತಾಚ್ಚೊ ಎಂಬ ಗುಡ್ಡವಿದೆ, ಸುಮಾರು 35 ಮೀಟರ್ ಎತ್ತರ. ಅದು ಮಣ್ಣಿನ ಗುಡ್ಡವಲ್ಲ. ಸುಮಾರು 2,000 ವರ್ಷಗಳ ಹಿಂದೆ ಎಣ್ಣೆ ತಂದ ಮಣ್ಣಿನ ಹೂಜಿಗಳನ್ನು ಖಾಲಿಯಾದ ಮೇಲೆ ಒಡೆದು ಪೇರಿಸಿದ ರಾಶಿ. ಹೆಚ್ಚಿನವು ಈಗಿನ ಸ್ಪೇನ್‌ನ ಆಂದಲೂಸಿಯಾದಿಂದ ಬಂದವು, ಕೆಲವು ಉತ್ತರ ಆಫ್ರಿಕಾದವು. ಆ ಚೂರುಗಳ ಮೇಲೆ ಬಣ್ಣದಲ್ಲಿ ತೂಕ, ವ್ಯಾಪಾರಿಯ ಹೆಸರು, ತಪಾಸಣೆಯಾದ ಊರು ಬರೆದಿರುವುದನ್ನು ಜರ್ಮನಿಯ ವಿದ್ವಾಂಸ ಹೈನ್ರಿಕ್ ಡ್ರೆಸೆಲ್ 19ನೇ ಶತಮಾನದಲ್ಲಿ ಓದಿ ದಾಖಲಿಸಿದ. ಬಾಟಲಿಯ ಬೆನ್ನಿನ ಚೀಟಿ ಆಗಲೂ ಇತ್ತು! ಆದರೆ ಆಗಲೂ ಈಗಲೂ ಚೀಟಿ ಇರುವುದು ಪಾತ್ರೆಯ ಮೇಲೆ. ಎಣ್ಣೆಯ ಒಳಗೇ ಊರಿನ ಗುರುತು ಇದೆಯೇ ಎಂಬುದು ನನ್ನ ಪ್ರಶ್ನೆ.

ಮಳೆ ಬಿಟ್ಟ ಗುರುತು

ಇದೆ. ಅದನ್ನು ಬಿಟ್ಟುಹೋಗುವುದು ಮಳೆ. ಪಿಯುಸಿಯಲ್ಲಿ ಐಸೊಟೋಪ್ ಪಾಠವನ್ನು ಎರಡು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದೆ. ಅದು ಹೀಗೆ ಎದುರಾಗುತ್ತದೆ ಎಂದುಕೊಂಡಿರಲಿಲ್ಲ.

ಹೈಡ್ರೋಜನ್‌ನಲ್ಲಿ ಹಗುರವಾದದ್ದೂ ಇದೆ, ಅದರ ಎರಡರಷ್ಟು ಭಾರದ ಡ್ಯೂಟೀರಿಯಂ ಕೂಡ ಇದೆ. ಸಮುದ್ರದ ನೀರಿನಲ್ಲಿ 10 ಲಕ್ಷ ಹೈಡ್ರೋಜನ್ ಪರಮಾಣುಗಳಿಗೆ ಸುಮಾರು 156 ಡ್ಯೂಟೀರಿಯಂ. ಆಮ್ಲಜನಕದಲ್ಲೂ ಹಾಗೆಯೇ, 10 ಲಕ್ಷಕ್ಕೆ ಸುಮಾರು 2,000 ಪರಮಾಣುಗಳು 18 ತೂಕದವು. ಸಮುದ್ರದಿಂದ ಎದ್ದ ಮೋಡ ಭೂಮಿಯ ಮೇಲೆ ಸಾಗುತ್ತ ಮಳೆ ಸುರಿಸುವಾಗ ಭಾರದ ಅಣುಗಳು ತುಸು ಬೇಗ ಇಳಿಯುತ್ತವೆ. ಹುಬ್ಬಳ್ಳಿ ಬಸ್ಸಿನಲ್ಲಿ ಮೂಟೆ ಹೊತ್ತವರು ಸಾಮಾನ್ಯವಾಗಿ ಮೊದಲ ಸ್ಟಾಪುಗಳಲ್ಲೇ ಇಳಿದುಬಿಡುವಂತೆ ಅಂದುಕೊಳ್ಳಿ. ಕೊನೆಯ ಸ್ಟಾಪಿಗೆ ಉಳಿದವರು ಹಗುರದವರು. ಹೀಗಾಗಿ ಕರಾವಳಿಯ ಮಳೆಗಿಂತ ಒಳನಾಡಿನ, ಎತ್ತರದ, ತಂಪು ಪ್ರದೇಶದ ಮಳೆ ಹಗುರ. ಮರ ಆ ನೀರನ್ನೇ ಕುಡಿದು ಎಣ್ಣೆ ಕಟ್ಟುತ್ತದೆ. ಬಿಸಿಲು, ಒಣ ಹವೆ ಇದ್ದಲ್ಲಿ ಎಲೆಯಿಂದ ಹಗುರ ನೀರು ಮೊದಲು ಆವಿಯಾಗಿ ಭಾರದ್ದು ಉಳಿಯುತ್ತದೆ. ನೀರು ಉಳಿಸಲು ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಂಡಾಗ ಇಂಗಾಲದ ಲೆಕ್ಕವೂ ಸರಿಯುತ್ತದೆ. ಒಂದು ಹನಿ ಎಣ್ಣೆಯನ್ನು ಸುಟ್ಟು, ಬಂದ ಅನಿಲವನ್ನು ಐಸೊಟೋಪ್ ಅನುಪಾತ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟರೆ ಈ ವ್ಯತ್ಯಾಸ ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಹೊರಬರುತ್ತದೆ. ಉತ್ತರ ಇಟಲಿಯ ಸ್ಯಾನ್ ಮಿಕೆಲೆಯಲ್ಲಿರುವ ಎಡ್ಮಂಡ್ ಮಾಕ್ ಪ್ರತಿಷ್ಠಾನದ ವಿಜ್ಞಾನಿಗಳು ಹಲವು ವರ್ಷಗಳ ಎಣ್ಣೆಗಳನ್ನು ಹೀಗೆ ಅಳೆದಿದ್ದಾರೆ. ದಕ್ಷಿಣದ ಎಣ್ಣೆ ಒಟ್ಟಾರೆ ಭಾರ, ಉತ್ತರದ್ದು ಹಗುರ.

ಓದುತ್ತ ಓದುತ್ತ ನನಗೆ ಪತ್ತೇದಾರಿ ಕಾದಂಬರಿ ಹಿಡಿದಂತಾಗಿತ್ತು. ಆದರೆ ಒಂದು ಸಾಲು ಅಲ್ಲೇ ಎಚ್ಚರಿಸಬೇಕಿತ್ತು, ನಾನು ದಾಟಿಬಿಟ್ಟೆ. ಮಳೆ ಪಾಸ್‌ಪೋರ್ಟ್ ನೋಡುವುದಿಲ್ಲ. ಸಿಸಿಲಿಯ ಪಶ್ಚಿಮ ತುದಿಗೂ ಟ್ಯುನೀಷಿಯಾಕ್ಕೂ ನಡುವೆ ಇರುವುದು ಸುಮಾರು 150 ಕಿಲೋಮೀಟರ್ ಸಮುದ್ರ. ಎರಡೂ ಕಡೆ ಅದೇ ಬಿಸಿಲು, ಅದೇ ಸಮುದ್ರದ ಗಾಳಿ. ಅಲ್ಲದೆ ಮಳೆ ಪ್ರತಿವರ್ಷ ಒಂದೇ ತೆರನಾಗಿರುವುದಿಲ್ಲ. ಬರಗಾಲದ ವರ್ಷದ ಎಣ್ಣೆಯನ್ನು ಒಳ್ಳೆಯ ಮಳೆಯಾದ ವರ್ಷದ ಅಳತೆಗೋಲಿನಿಂದ ಅಳೆದರೆ ತಪ್ಪು ಊರು ತೋರಿಸುತ್ತದೆ.

ಎರಡೇ ಪ್ರಶ್ನೆ ಕೇಳುವ ಪ್ರೋಗ್ರಾಮ್

ಆ ಯಂತ್ರ ನಮ್ಮ ಕಾಲೇಜಿನಲ್ಲಿ ಎಲ್ಲಿಂದ ಬರಬೇಕು? ನಮ್ಮ ಲ್ಯಾಬಿನ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಹೊದಿಸಿದ ಬಟ್ಟೆಯನ್ನು ನಾನು ನೋಡಿದ್ದೇನೆ, ಯಂತ್ರವನ್ನು ನೋಡಿಲ್ಲ. ‘ಯಂತ್ರ ಇಲ್ಲದಿದ್ರೆ ಏನಾಯ್ತು, ಬೇರೆಯವರು ಅಳೆದಿಟ್ಟ ಅಂಕಿ ಇದೆಯಲ್ಲ’ ಎಂದು ದಾರಿ ತೋರಿಸಿದ್ದು ನಮ್ಮ ಗೈಡ್ ಮೇಡಂ.

ಇಟಲಿಯ ರಸಾಯನಶಾಸ್ತ್ರಜ್ಞ ಮಿಕೆಲೆ ಫೊರಿನಾ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ದತ್ತಾಂಶವೊಂದಿದೆ. 572 ಎಣ್ಣೆಗಳು, ಪ್ರತಿಯೊಂದರಲ್ಲೂ 8 ಕೊಬ್ಬಿನಾಮ್ಲಗಳ ಪ್ರಮಾಣ, ಅವು ಬಂದ ಇಟಲಿಯ 9 ಪ್ರದೇಶಗಳ ಹೆಸರು. ಕಲಬ್ರಿಯಾ, ಸಿಸಿಲಿ, ಉಂಬ್ರಿಯಾ, ಸಾರ್ಡಿನಿಯಾದ ಕರಾವಳಿ ಮತ್ತು ಒಳನಾಡು, ಹೀಗೆ. ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಕಲಿಸಲು ಇದನ್ನು ಬಳಸುತ್ತಾರೆ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಡೇಟಾ ಸೈನ್ಸ್ ಕಲಿಯುತ್ತಿರುವ ಗೆಳೆಯರು ಒಮ್ಮೆ ಕೈಯಾಡಿಸಿ ನೋಡಿ. ಹೂವಿನ ದಳ ಅಳೆಯುವ ಆ ಹಳೆಯ ಐರಿಸ್ ಉದಾಹರಣೆಗಿಂತ ಇದು ಸ್ವಾರಸ್ಯ.

ಕೊಬ್ಬಿನಾಮ್ಲ ಊರಿನ ಗುರುತು ಹೇಗಾಗುತ್ತದೆ? ಆಲಿವ್ ಎಣ್ಣೆಯ ಬಹುಪಾಲು ಓಲಿಕ್ ಆಮ್ಲ. ಕಾಯಿ ಎಣ್ಣೆ ಕಟ್ಟುವ ತಿಂಗಳುಗಳಲ್ಲಿ ಹವೆ ತಂಪಾಗಿದ್ದರೆ ಅದು ಹೆಚ್ಚು, ಬಿಸಿ ಹೆಚ್ಚಾದರೆ ಅದು ಇಳಿದು ಪಾಮಿಟಿಕ್, ಲಿನೊಲಿಕ್ ಆಮ್ಲಗಳು ಏರುತ್ತವೆ. ಅದರ ಮೇಲೆ ತಳಿಯ ಪ್ರಭಾವ ಬೇರೆ: ಹಾಯೆನ್‌ನ ಪಿಕ್ವಾಲ್, ಗ್ರೀಸ್‌ನ ಕೊರೊನೆಯಿಕಿ, ಪುಲಿಯಾದ ಕೊರಾತಿನಾ, ಟ್ಯುನೀಷಿಯಾದ ಶೆಮ್ಲಾಲಿ, ಒಂದೊಂದಕ್ಕೂ ತನ್ನದೇ ಹದ. ಸ್ಪೇನ್‌ನ ಕತಲೂನಿಯಾದ ಅರ್ಬೆಕಿನಾ ತಳಿಯನ್ನು ಅರ್ಜೆಂಟೀನಾದ ವಾಯವ್ಯದ ಬಿಸಿ ಕಣಿವೆಗಳಲ್ಲಿ ನೆಟ್ಟಾಗ ಅದರ ಎಣ್ಣೆಯಲ್ಲಿ ಓಲಿಕ್ ಆಮ್ಲ ಅಂತರರಾಷ್ಟ್ರೀಯ ಮಾನದಂಡದ ಕನಿಷ್ಠ ಮಿತಿಗಿಂತಲೂ ಕೆಳಗೆ ಹೋದದ್ದುಂಟು. ಅಪ್ಪಟ ಆಲಿವ್ ಎಣ್ಣೆ, ಆದರೂ ಕಾಗದದ ಮೇಲೆ ಆಲಿವ್ ಎಣ್ಣೆಯಲ್ಲ!

ಪೈಥಾನ್‌ನಲ್ಲಿ ಮೂರು ರಾತ್ರಿ ಕೂತು ಒಂದು ಡಿಸಿಷನ್ ಟ್ರೀ ಕಟ್ಟಿದೆ. ಫಲಿತಾಂಶ ನೋಡಿ ನಾನೇ ಬೆರಗಾದೆ. ದಕ್ಷಿಣ ಇಟಲಿ, ಸಾರ್ಡಿನಿಯಾ, ಉತ್ತರ ಇಟಲಿ ಎಂಬ ಮೂರು ವಿಭಾಗಗಳನ್ನು ಬೇರ್ಪಡಿಸಲು ಅದಕ್ಕೆ ಎರಡೇ ಪ್ರಶ್ನೆ ಸಾಕಾದವು. ಐಕೊಸೆನೊಯಿಕ್ ಎಂಬ, ತೀರಾ ಕಡಿಮೆ ಪ್ರಮಾಣದ ಆಮ್ಲ ಒಂದು ಗೆರೆಗಿಂತ ಮೇಲಿದೆಯೇ? ಹಾಗಿದ್ದರೆ ದಕ್ಷಿಣ. ಇಲ್ಲವಾದರೆ ಲಿನೊಲಿಕ್ ಆಮ್ಲ ಸುಮಾರು ಶೇ 10.5ಕ್ಕಿಂತ ಹೆಚ್ಚಿದೆಯೇ? ಹೌದಾದರೆ ಸಾರ್ಡಿನಿಯಾ, ಇಲ್ಲವಾದರೆ ಉತ್ತರ. ಬಹುತೇಕ ಒಂದೂ ತಪ್ಪಿಲ್ಲ. 9 ಪ್ರದೇಶಗಳನ್ನು ಬೇರ್ಪಡಿಸುವಾಗ ಸ್ವಲ್ಪ ಎಡವಿತು, ಆದರೂ ನೂರಕ್ಕೆ ತೊಂಬತ್ತಕ್ಕೂ ಮೇಲೆ ಸರಿ. ರೂಮ್‌ಮೇಟ್‌ಗಳಿಗೆ ಗಿರಮಿಟ್, ಮಿರ್ಚಿ ಕೊಡಿಸಿದೆ. ರೆಸ್ಯೂಮೆಯಲ್ಲಿ ಒಂದು ಸಾಲು ಸೇರಿತು: ‘ಆಹಾರದ ಭೌಗೋಳಿಕ ಮೂಲವನ್ನು ಶೇ 90ಕ್ಕೂ ಹೆಚ್ಚು ನಿಖರವಾಗಿ ಪತ್ತೆಹಚ್ಚುವ ಮಾದರಿ’.

‘ಗೊತ್ತಿಲ್ಲ’ ಎನ್ನದ ಯಂತ್ರ

ವೈವಾ ದಿನ ಬೇರೆ ವಿಭಾಗದ ಹಿರಿಯ ಸರ್ ಒಬ್ಬರು ಕೂತಿದ್ದರು. ನಾನು ಸ್ಲೈಡ್‌ಗಳನ್ನು ಹಾರಿಸುತ್ತ ಮುಗಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು: ‘ಇಷ್ಟು ಸಲ ಓಡಿಸಿದ್ದೀಯಲ್ಲಮ್ಮ, ನಿನ್ನ ಪ್ರೋಗ್ರಾಮ್ ಎಷ್ಟು ಸಲ ಗೊತ್ತಿಲ್ಲ ಅಂದಿದೆ?’

ಒಂದು ಸಲವೂ ಇಲ್ಲ ಸರ್, ಎಂದೆ. ಹೆಮ್ಮೆಯಿಂದಲೇ.

‘ಹಂಗಾದ್ರೆ ನಾನು ಟ್ಯುನೀಷಿಯಾ ಎಣ್ಣೆ ತಂದುಕೊಟ್ರೆ ಏನಂತದೆ?’

ಬಾಯಿ ಒಣಗಿತು. ಉತ್ತರ ನನಗೆ ಆ ಕ್ಷಣವೇ ಗೊತ್ತಾಗಿತ್ತು. ಅದಕ್ಕೆ ಗೊತ್ತಿರುವ ಉತ್ತರಗಳೇ ಮೂರು, ಮೂರೂ ಇಟಲಿಯವು. ಕೇಳಿದರೆ ಅದು ಕಡಲೆಕಾಯಿ ಎಣ್ಣೆಗೂ ಇಟಲಿಯ ವಿಳಾಸ ಕೊಡುತ್ತದೆ. ಆ ರಾತ್ರಿ ಒಂದು ಪ್ರಬಂಧದಿಂದ ಶೆಮ್ಲಾಲಿ ಎಣ್ಣೆಯ ಅಂಕಿಗಳನ್ನು ತೆಗೆದು ತುಂಬಿಸಿದೆ. ‘ದಕ್ಷಿಣ ಇಟಲಿ’ ಎಂದಿತು, ಕಣ್ಣು ಮಿಟುಕಿಸದೆ. ಮೋಸಗಾರನೊಬ್ಬ ಏನನ್ನು ಬಯಸುತ್ತಾನೋ ಅದೇ ಸರ್ಟಿಫಿಕೇಟನ್ನು ನನ್ನ ಪ್ರೋಗ್ರಾಮ್ ಬರೆದುಕೊಟ್ಟಿತ್ತು.

ಮರುದಿನ ತಪ್ಪುಗಳ ಪಟ್ಟಿ ತೆಗೆದು ಕೂತೆ. ಇನ್ನೊಂದು ಹುಳುಕು ಕಂಡಿತು. 572ರಲ್ಲಿ 206 ಎಣ್ಣೆಗಳು ದಕ್ಷಿಣ ಪುಲಿಯಾ ಒಂದರವೇ. ಸಿಸಿಲಿಯವು 36 ಮಾತ್ರ. ಅಂದರೆ ಸಿಸಿಲಿಯ ಒಂದೊಂದು ಎಣ್ಣೆಯನ್ನೂ ತಪ್ಪು ಹೇಳಿ, ಉಳಿದದ್ದೆಲ್ಲ ಸರಿ ಹೇಳಿದರೂ ನಿಖರತೆ ಶೇ 93ರ ಮೇಲೆ ಇರುತ್ತದೆ. ನನ್ನ ತಪ್ಪುಗಳಲ್ಲಿ ಹೆಚ್ಚಿನವು ಸಿಸಿಲಿಯವೇ ಆಗಿದ್ದವು. ಅಲ್ಲಿನ ಎಣ್ಣೆಗಳು ಕಲಬ್ರಿಯಾ, ಪುಲಿಯಾಗಳ ಎಣ್ಣೆಯೊಳಗೆ ಕಲಸಿಹೋಗಿದ್ದವು. ನನ್ನ ಹೆಮ್ಮೆಯ ಶೇಕಡಾವಾರು ಒಂದು ದ್ವೀಪದ ರೈತರನ್ನೇ ಹೆಚ್ಚುಕಡಿಮೆ ನುಂಗಿ ಕೂತಿತ್ತು.

ಮೇಡಂ ಬೈಯಲಿಲ್ಲ. ‘ಪ್ರಶ್ನೆ ಬದಲಾಯಿಸು’ ಎಂದರು. ಇದು ಎಲ್ಲಿಯದು ಎಂದು ಕೇಳಬೇಡ. ಇದು ಸಿಸಿಲಿಯದೇ ಎಂದು ಚೀಟಿ ಹೇಳುತ್ತಿದೆ, ಆ ಮಾತು ನಂಬುವಂತಿದೆಯೇ ಎಂದು ಕೇಳು. ಸ್ವೀಡನ್‌ನ ಸ್ವಾಂತೆ ವೋಲ್ಡ್ 1970ರ ದಶಕದಲ್ಲಿ ರೂಪಿಸಿದ ಸಿಮ್ಕಾ ಎಂಬ ವಿಧಾನ ಹೀಗೇ ನಡೆಯುತ್ತದೆ. ಅದು ಒಂದೊಂದು ಗುಂಪಿನ ಸುತ್ತ ಪ್ರತ್ಯೇಕ ಬೇಲಿ ಹಾಕುತ್ತದೆ. ಹೊಸ ಎಣ್ಣೆ ಬೇಲಿಯೊಳಗೆ ಬಿದ್ದರೆ ‘ಹೊಂದುತ್ತದೆ’, ಹೊರಗಿದ್ದರೆ ‘ಹೊಂದುವುದಿಲ್ಲ’. ಯಾವ ಬೇಲಿಯೊಳಗೂ ಬೀಳದಿರಬಹುದು. ಅಂತೂ ‘ಗೊತ್ತಿಲ್ಲ’ ಎನ್ನಬಲ್ಲ ಪ್ರೋಗ್ರಾಮ್. ಯೂರೋಪಿನಲ್ಲೂ ಕೆಲಸ ಈ ದಿಕ್ಕಿನಲ್ಲೇ ನಡೆದಿದೆ. ಬೊಲೊನ್ಯಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2016ರಲ್ಲಿ ಶುರುವಾದ ‘ಓಲಿಯಂ’ ಯೋಜನೆಯಲ್ಲಿ ಪಾಲ್ಗೊಂಡ ಬಾರ್ಸಿಲೋನಾದ ಸಂಶೋಧಕರು ಎಣ್ಣೆಯಲ್ಲಿರುವ ಸೆಸ್ಕ್ವಿಟರ್ಪೀನ್ ಎಂಬ ಸಣ್ಣ ಪ್ರಮಾಣದ ವಸ್ತುಗಳ ಇಡೀ ನಕ್ಷೆಯನ್ನೇ ಬೆರಳಚ್ಚಿನಂತೆ ಬಳಸಿ ಚೀಟಿಯ ಮಾತನ್ನು ಪರೀಕ್ಷಿಸುತ್ತಾರೆ.

ಆದರೆ ಬೇಲಿ ಎಷ್ಟು ಬಿಗಿಯಾಗಿರಬೇಕು? ಸಡಿಲ ಬಿಟ್ಟರೆ ಟ್ಯುನೀಷಿಯಾ ಒಳಗೆ ನುಸುಳುತ್ತದೆ. ಸಾಮಾನ್ಯವಾಗಿ ಇಡುವ ಶೇ 95ರ ಗೆರೆ ಎಳೆದರೆ, ಅಪ್ಪಟ ಸಿಸಿಲಿ ರೈತರು ನೂರು ಜನ ಬಂದರೆ ಅವರಲ್ಲಿ ಸುಮಾರು ಐವರಿಗೆ ‘ನಿಮ್ಮದು ಸಿಸಿಲಿಯದಲ್ಲ’ ಎಂಬ ಉತ್ತರ ಸಿಗುತ್ತದೆ. ನಾನು ಇದನ್ನು ರಜೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ಹುಬ್ಬು ಗಂಟಿಕ್ಕಿದರು.

ನಮ್ಮ ಹೊಲ ಇರುವುದು ಹಾವೇರಿ ಜಿಲ್ಲೆಯಲ್ಲಿ, ಮೆಣಸಿನಕಾಯಿ ಹೋಗುವುದು ಬ್ಯಾಡಗಿ ಮಾರುಕಟ್ಟೆಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅದೇ ಮಾರುಕಟ್ಟೆಗೆ ಆಂಧ್ರದ ಕಾಯಿಯೂ ಬರುತ್ತದೆ, ಬ್ಯಾಡಗಿಯ ಹೆಸರಿಗೆ ಬೆಲೆ ಇದೆ, ಹಾಗಾಗಿ ಅನುಮಾನವೂ ಇದೆ. ಎರಡು ವರ್ಷದ ಹಿಂದೆ ಒಬ್ಬ ಖರೀದಿದಾರ ನಮ್ಮ ಚೀಲಕ್ಕೆ ಕೈ ಹಾಕಿ, ಬಣ್ಣ ನೋಡಿ, ‘ಇದು ಇಲ್ಲೀ ಮಾಲಲ್ಲ’ ಎಂದು ಬಿಟ್ಟು ಹೋಗಿದ್ದ. ಮಳೆ ಕೈಕೊಟ್ಟ ವರ್ಷ ಅದು, ಕಾಯಿಯ ಬಣ್ಣ ಎಂದಿನಂತಿರಲಿಲ್ಲ. ಅಪ್ಪ ಅದನ್ನು ಮರೆತಿಲ್ಲ.

‘ಅಂವಾ ಬರೇ ಬಾಯಿಲೆ ಅಂದಿದ್ದ. ನಿನ್ನ ಮಷಿನ್ ಬರದುಕೊಟ್ರ ನಾ ಯಾರ ಮುಂದ ಹೋಗಿ ಹೇಳ್ಲಿ, ಇದು ನಂದ ಹೊಲದ್ದು ಅಂತ?’

ನನ್ನ ಪ್ರಾಜೆಕ್ಟ್ ವರದಿಯ ಯಾವ ಪುಟದಲ್ಲೂ ಆ ಪ್ರಶ್ನೆ ಇರಲಿಲ್ಲ. ಆಮೇಲೆ ಒಂದು ಅಧ್ಯಾಯ ಸೇರಿಸಿದೆ. ಯೂರೋಪಿನಲ್ಲೂ ಪ್ರಯೋಗಾಲಯದ ಅಂಕಿಯೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಅಂಕಿ ಹೊಂದದಿದ್ದಾಗ ಅಧಿಕಾರಿಗಳು ಲೆಕ್ಕದ ಪುಸ್ತಕ ತೆಗೆಸುತ್ತಾರೆ. ಇಟಲಿಯಲ್ಲಿ ಗಾಣದವರು, ವ್ಯಾಪಾರಿಗಳು ಎಷ್ಟು ಎಣ್ಣೆ ಬಂತು, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಸರ್ಕಾರದ ಕಂಪ್ಯೂಟರ್ ದಾಖಲೆಯಲ್ಲಿ ತುಂಬಬೇಕು. ಹತ್ತು ಟನ್ ಎಣ್ಣೆಯಷ್ಟೇ ಬಿಡುವ ತೋಟದಿಂದ ಮೂವತ್ತು ಟನ್ ಹೊರಬಂದಿದ್ದರೆ ಅದಕ್ಕೆ ಸ್ಪೆಕ್ಟ್ರೋಮೀಟರ್ ಬೇಕಿಲ್ಲ. ಯಂತ್ರದ ಕೆಲಸ ಎಲ್ಲಿ ನೋಡಬೇಕು ಎಂದು ಬೆರಳು ತೋರಿಸುವುದು.

ಇನ್ನೊಂದು ಕೆಲಸವಂತೂ ಯಂತ್ರ ಮಾಡಲಾರದು. ಬೇಲಿ ಹಾಕಲು ಮೊದಲು ಗೂಟ ಬೇಕು. ಅಂದರೆ ಯಾರಾದರೂ ತೋಟಕ್ಕೆ ಹೋಗಿ, ಕಾಯಿ ಕೀಳುವುದನ್ನು ಕಣ್ಣಾರೆ ಕಂಡು, ಗಾಣದ ಮುಂದೆ ನಿಂತು, ಅದೇ ಎಣ್ಣೆಯನ್ನು ಸೀಸೆಗೆ ತುಂಬಿ, ಊರು-ತಳಿ-ತಾರೀಖು ಬರೆದು ತರಬೇಕು. ಅಂಗಡಿಯಿಂದ ಕೊಂಡ ಬಾಟಲಿ ನಡೆಯುವುದಿಲ್ಲ, ಅದರ ಚೀಟಿಯ ಮೇಲೇ ಅಲ್ಲವೇ ನಮ್ಮ ಅನುಮಾನ? ದ್ರಾಕ್ಷಾರಸದ ವಿಷಯದಲ್ಲಿ ಐರೋಪ್ಯ ಒಕ್ಕೂಟ 1991ರಿಂದ ಇಂಥದೊಂದು ಐಸೊಟೋಪ್ ಭಂಡಾರ ಇಟ್ಟುಕೊಂಡಿದೆ. ಪ್ರತಿವರ್ಷದ ಸುಗ್ಗಿಯಲ್ಲೂ ಹೊಸ ಮಾದರಿ ಸೇರಿಸುತ್ತಾರೆ, ಏಕೆಂದರೆ ಪ್ರತಿವರ್ಷದ ಮಳೆ ಬೇರೆ. ಫೊರಿನಾ ತಂಡದ 572 ಸಾಲುಗಳನ್ನು ನಾನು ಒಂದು ಕ್ಲಿಕ್‌ನಲ್ಲಿ ಇಳಿಸಿಕೊಂಡಿದ್ದೆ. ಒಂದೊಂದು ಸಾಲಿನ ಹಿಂದೆ ಒಂದೊಂದು ನಿಜವಾದ ಎಣ್ಣೆಯಿತ್ತು, ಅದನ್ನು ತಂದವರಿದ್ದರು ಎಂದು ಯೋಚಿಸಿರಲಿಲ್ಲ. ನಮ್ಮ ದೇಶದಲ್ಲೂ ರಾಜಸ್ಥಾನ ಸರ್ಕಾರ ಇಸ್ರೇಲ್‌ನ ನೆರವಿನಿಂದ 2007ರ ಸುಮಾರಿಗೆ ಆಲಿವ್ ನೆಡಲು ಶುರು ಮಾಡಿತು, ಬಿಕಾನೇರ್ ಜಿಲ್ಲೆಯ ಲೂಣಕರಣ್‌ಸರ್‌ನಲ್ಲಿ ಎಣ್ಣೆ ಘಟಕವೂ ಬಂತು. ಆ ಮರುಭೂಮಿಯ ಎಣ್ಣೆ ಕೊಟ್ಟರೆ ನನ್ನ ಮೊದಲ ಪ್ರೋಗ್ರಾಮ್ ಅದನ್ನೂ ಇಟಲಿಗೆ ಸೇರಿಸುತ್ತಿತ್ತು.

ರೆಸ್ಯೂಮೆಯ ಆ ಸಾಲಿನ ಬಗ್ಗೆ ಹಾಸ್ಟೆಲ್‌ನಲ್ಲಿ ದೊಡ್ಡ ಚರ್ಚೆಯಾಯಿತು. ‘ಶೇ 90 ಅಂತ ಇರ್ಲಿ ಬಿಡೇ, ಯಾರು ಟ್ಯುನೀಷಿಯಾ ಎಣ್ಣೆ ಹಿಡಕೊಂಡು ಇಂಟರ್‌ವ್ಯೂಗೆ ಬರ್ತಾರೆ’ ಎಂದರು ಗೆಳತಿಯರು. ಎರಡು ದಿನ ಬಿಟ್ಟಿದ್ದೆ ಕೂಡ. ಮೂರನೇ ದಿನ ಬದಲಾಯಿಸಿದೆ. ‘ಚೀಟಿಯಲ್ಲಿ ಹೇಳಿದ ಮೂಲಕ್ಕೆ ಎಣ್ಣೆ ಹೊಂದುತ್ತದೆಯೇ ಎಂದು ಪರೀಕ್ಷಿಸುವ ಮಾದರಿ, ಇಟಲಿಯ ಹೊರಗಿನ ಎಣ್ಣೆಗಳ ಮೇಲೆ ಇನ್ನೂ ಪರೀಕ್ಷಿಸಿಲ್ಲ’ ಎಂದು. ಓದಲು ಸಪ್ಪೆ. ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಅವರು ಮೊದಲು ಬೆರಳಿಟ್ಟಿದ್ದೇ ಆ ಎರಡನೆಯ ಅರ್ಧದ ಮೇಲೆ. ಯಾಕೆ ಪರೀಕ್ಷಿಸಿಲ್ಲ, ಮಾದರಿ ಬೇಕಾದರೆ ಎಷ್ಟು ಬೇಕು, ಎಲ್ಲಿಂದ ತರುತ್ತೀ ಎಂದು ಇಪ್ಪತ್ತು ನಿಮಿಷ ಕೇಳಿದರು. ಕೆಲವಕ್ಕೆ ಉತ್ತರ ಬಂತು, ಕೆಲವಕ್ಕೆ ಗೊತ್ತಿಲ್ಲ ಎಂದೆ. ಫಲಿತಾಂಶ ಇನ್ನೂ ಬಂದಿಲ್ಲ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ: ನಿನ್ನ ಬಾಟಲಿಯ ಎಣ್ಣೆ ನಾಲ್ಕು ದೇಶದ್ದಾದರೂ ಇರಬಹುದು, ಯಾವ್ಯಾವುದು ಎಂದು ಬಿಡಿಸಿ ಹೇಳಲು ನನ್ನಿಂದ ಆಗದು, ಹಿಂದೆ ಬರೆದದ್ದನ್ನೇ ನಂಬು, ಮುಂದಿನ ಚಿತ್ರ ನೋಡಬೇಡ. ‘ಆರು ತಿಂಗ್ಳು ಓದಿ ಇಷ್ಟ ಹೇಳಿದ್ಯಾ?’ ಎಂದು ನಕ್ಕಳು. ಬಾಟಲಿ ಯಾವಾಗಲೋ ಖಾಲಿಯಾಗಿತ್ತು. ಈಗ ಕೂಸಿಗೆ ಅವ್ವ ಕಳಿಸಿದ ಕೊಬ್ಬರಿ ಎಣ್ಣೆಯೇ ನಡೆದಿದೆಯಂತೆ.

ಈ ಸಲ ಸುಗ್ಗಿಗೆ ಊರಿಗೆ ಹೋದಾಗ ನಮ್ಮ ಹೊಲದ ನಾಲ್ಕು ಮೂಲೆಯಿಂದ ಒಂದೊಂದು ಹಿಡಿ ಒಣಮೆಣಸಿನಕಾಯಿ ಆರಿಸಿ ಕಾಗದದ ಚೀಲಗಳಿಗೆ ತುಂಬಿದೆ. ಸರ್ವೆ ನಂಬರ್, ಬೀಜದ ಹೆಸರು, ಕೊಯ್ದ ತಾರೀಖು, ಆ ವರ್ಷ ಬಿದ್ದ ಮಳೆ ಎಲ್ಲ ಬರೆದೆ. ಮಳೆ ಲೆಕ್ಕವನ್ನು ಅಪ್ಪ ತಮ್ಮ ಹಳೆಯ ಡೈರಿ ತೆಗೆದು ಹೇಳಿದರು. ಪಕ್ಕದ ಹೊಲದ ಕಾಕಾನೂ ಎರಡು ಹಿಡಿ ಕೊಟ್ಟರು, ಯಾಕೆಂದು ಕೇಳಲಿಲ್ಲ. ಆರು ಚೀಲವಾದವು. ಟ್ರಂಕಿನ ಮೇಲೆ ಸಾಲಾಗಿ ಇಟ್ಟಿದ್ದೇನೆ. ಅವ್ವ ದಿನಕ್ಕೊಮ್ಮೆ ಅವನ್ನು ನೋಡಿ ಕೇಳುತ್ತಾಳೆ, ‘ಅವನ್ನೇನು ಕುಟ್ಟಿ ಖಾರಪುಡಿ ಮಾಡ್ಲೋ, ಹಿಂಗ ಹುಳಾ ಬೀಳಾಕ ಬಿಡ್ತಿಯೋ?’